ಮೂರು ದೂರಿನ ಫೋನು

ನಾ ತಪ್ಪ ಮಾಡಿದ್ರ ಯಾರೂ ತಿರುಗಿ ನೋಡಂಗಿಲ್ಲ. ಪುಸ್ತಕಾ ಓದಿ, ವಿಚಾರ ಮಾಡಿ, ಛಲೋದೊಂದು ಮಾಡಿದ್ರ ಮಾತ್ರ ಮಂದಿ ಮನೀ ತನಕ ಬಂದು ದೂರು ಹೇಳ್ತಾರ. ಇದು ಒಮ್ಮೆ ಆಗಿದ್ದಲ್ಲ, ಹ್ವಾದ ವರ್ಷದಿಂದ ನಡಕೋತನ ಬಂದೈತಿ. ಇಲ್ಲೀ ತನಕ ಯಾರ ಮುಂದೂ ಹೇಳಿಲ್ಲ. ನಾಕ ಮಂದಿ ಮುಂದ ನಿಂತ್ರ ನನಗ ಗಂಟಲಾ ಒಣಗತೈತಿ. ಅದಕ್ಕ ಬರ್ಯಾಕತ್ತೇನಿ.

ನಮ್ಮದು ಬನಹಟ್ಟಿ. ಮನೀ ಹಿಂದಿನ ಪತ್ರಾಸ ತಗಡಿನ ಶೆಡ್ಡಿನ್ಯಾಗ ನಾಕು ಪಾವರ್‌ಲೂಮ್ ಅದಾವ. ಅಪ್ಪ ನೇಯ್ತಾನ, ಅವ್ವ ಕಂಡಿಕಿಗೆ ನೂಲು ಸುತ್ತತಾಳ, ಅಕ್ಕ ಬಿ.ಎಡ್. ಮುಗಿಸ್ಯಾಳ, ನಾ ದಿನಾ ಬಸ್ಸಿನ್ಯಾಗ ಜಮಖಂಡಿ ಕಾಲೇಜಿಗೆ ಹೋಗ್ತೇನಿ. ಅಪ್ಪನ ಕಡೆ ಗುಂಡಿ ಒತ್ತೂ ಸಣ್ಣ ಫೋನಿತ್ತು. ಮನಿಗೊಂದು ದೊಡ್ಡ ಫೋನ್ ಇರ್ಲಿ ಅಂತ ನನಗೊಂದು ಹಳೇದು ಕೊಡಿಸಿದ. ಎರಡನೇ ವಾರಕ್ಕ ನಾ ಅದರಾಗ ಕಂಪನಿಯಾವರು ತುಂಬಿ ಕೊಟ್ಟಿದ್ದನ್ನೆಲ್ಲಾ ಅಳಿಸಿ, ಬರೇ ಸ್ವತಂತ್ರ ಸಾಫ್ಟ್‌ವೇರ್ ಹಾಕಿದ್ನಿ. ಎರಡ ದಿನ ಫೋನಿನ ಮುಖಾ ಕರ್ರಗ ಆಗಿತ್ತು. ನನ್ನ ಮುಖಾನೂ. ಮೂರನೇ ದಿನ ಎರಡೂ ಬೆಳಗಿದ್ವು.

"ಏನ ಮಾಡಿದಿ ಇದಕ್ಕ?" ಅಂದ ಅಪ್ಪ.

"ಯಪ್ಪಾ, ಮಗ್ಗದ ಗೇರ್ ಸವದ್ರ ನೀನ ಬಿಚ್ಚಿ ಹಾಕ್ತಿ ಹೌದಿಲ್ಲೋ? ಬಿಚ್ಚಬ್ಯಾಡ, ಒಳಗ ನೋಡಬ್ಯಾಡ, ಮಂದಿಗೆ ಕಲಿಸಬ್ಯಾಡ ಅಂತ ಮಗ್ಗ ಮಾರಾವ ಹೇಳಿದ್ರ ತಗೋತಿದ್ದೇನು? ಈ ಸಾಫ್ಟ್‌ವೇರೂ ಮಗ್ಗ ಇದ್ದಂಗ. ಯಾರ ಬೇಕಾದ್ರೂ ತೆರದು ನೋಡಬೌದು, ರಿಪೇರಿ ಮಾಡಬೌದು, ಇನ್ನೊಬ್ರಿಗೆ ಕೊಡಬೌದು. ಮೊದಲಿಂದು ಹಂಗ ಇರಲಿಲ್ಲ. ನೀ ಎಲ್ಲೆಲ್ಲಿ ಹೋಗ್ತಿ ಅಂತ ಅದು ನೋಡಕೋತ ಇರತಿತ್ತು."

ಅಪ್ಪ ನಕ್ಕ. "ನಾ ಹೋಗೂದು ಶೆಡ್ಡಿನಿಂದ ಮನಿ, ಮನಿಯಿಂದ ಶೆಡ್ಡು. ನಾ ಎಲ್ಲಿ ಹೋಗ್ತೇನಿ ಅಂತ ಯಾರಿಗೆ ಬೇಕಾಗೇತಿ ಯವ್ವಾ?"

ಆಮ್ಯಾಲ ಕೈಯಾಗಿನ ಮೂರ ಬಳ್ಳು ಎತ್ತಿ ಒಂದು ಮಾತು ಹೇಳಿದ. "ಇಟ್ಕೋ. ಆದ್ರ ಈ ಫೋನಿನ ಸಲುವಾಗಿ ನನಗ ಮೂರ ದೂರು ಬಂದ್ವು ಅಂದ್ರ, ಇದು ಮನ್ಯಾಗ ಇರಂಗಿಲ್ಲ."

ನನಗ ಅದು ಬರೇ ಫೋನ್ ಆಗಿರಲಿಲ್ಲ. ಮುನ್ನೂರು ಪುಸ್ತಕಾ ಅದರಾಗಿದ್ವು. ಮಗ್ಗದ ಒಂದೊಂದು ಸಾಮಾನಿಗೂ ಅಪ್ಪ ಏನೇನು ಹೆಸರು ಹೇಳತಾನೋ ಎಲ್ಲಾ ಅದರಾಗ ಬರದಿಟ್ಟಿದ್ನಿ. ಕೀಬೋರ್ಡಿಗೆ ನಮ್ಮ ಮಾತು ಕಲಿಸಿದ್ನಿ. 'ಬರಾಕ' ಅಂತ ಒತ್ತಿದ್ರ ಸಾಕು, 'ಬರಾಕತ್ತೇನಿ' ಅಂತ ತಾನ ಮುಗಸ್ತಿತ್ತು. ನಮ್ಮ ಮನ್ಯಾಗ ನನ್ನ ಮಾತು ಮುಗಿಯೂ ತನಕ ಕೇಳತಿದ್ದದ್ದು ಅದೊಂದ.

೧. ನಾಕು ಪುಟದ ಪತ್ರ

ಒಂದಿನ ಕಾಲೇಜಿನ್ಯಾಗ ಸರ್ ಹೇಳಿದ್ರು, "ಇವತ್ತಿಂದ ನೋಟ್ಸು, ಟೆಸ್ಟಿನ ತಾರೀಖು, ಎಲ್ಲಾ ಫೋನಿನ ಗ್ರೂಪಿನ್ಯಾಗ ಬರತೈತಿ. ಯಾರ್‍ಯಾರು ಸೇರಿಲ್ಲ?"

ಇಡೀ ಕ್ಲಾಸಿನ್ಯಾಗ ನಾ ಒಬ್ಬಾಕೀನ ಎದ್ದು ನಿಂತ್ನಿ.

"ಯಾಕ, ಜಾಗಾ ಇಲ್ಲೇನು ಫೋನಿನ್ಯಾಗ? ಫೋಟೋ ಅಳಸು."

"ಜಾಗಾ ಐತ್ರಿ ಸರ್. ಆ ಗ್ರೂಪಿನ ಆ್ಯಪ್ ನಾ ಹಾಕಂಗಿಲ್ರಿ. ಅದು... ತತ್ವ..." ಅಂದ್ನಿ.

ಹಿಂದಿನ ಬೆಂಚಿನಾಕಿ ಒಬ್ಬಾಕಿ, "ಸರ್, ಆಕೀ ಫೋನಿಗೆ ತತ್ವ ಬಡದೈತಂತ್ರಿ" ಅಂದ್ಲು. ಎಲ್ಲಾರೂ ನಕ್ಕರು. ಸರ್ ಸಹಿತ.

ಮನಿಗೆ ಬಂದು ಸರ್‌ಗೆ ನಾಕು ಪುಟದ ಪತ್ರ ಬರದ್ನಿ. ಫೋನ್ ಯಾರದು, ಅದರ ಮ್ಯಾಲ ಯಾರ ಮಾತು ನಡೀಬೇಕು, ಎಲ್ಲಾ ಬಿಡಿಸಿ ಬರದು, ಕಡೀಕ ಒಂದ ವಿನಂತಿ ಮಾಡಿದ್ನಿ: ಟೆಸ್ಟಿನ ತಾರೀಖಷ್ಟು ನೋಟಿಸ್ ಬೋರ್ಡಿಗೂ ಹಚ್ಚರಿ. ಸರ್ ಪತ್ರ ತಿರುವಿ ನೋಡಿ, "ಅಕ್ಷರ ಛಲೋ ಅದಾವ" ಅಂದ್ರು. ನನಗ ಗೆದ್ದಂಗ ಆತು.

ಮುಂದಿನ ವಾರ ಟೆಸ್ಟ್ ಆತು. ಯಾವಾಗ ಅಂತ ನನಗ ಗೊತ್ತಾಗಲಿಲ್ಲ. ಟೆಸ್ಟ್ ನಡದಾಗ ನಾ ಕೆಳಗ ಲೈಬ್ರರಿಯೊಳಗ ಕುಂತು ಅದಽ ಪಾಠಾ ಓದಾಕತ್ತಿದ್ನಿ. ಅಂಕಾ ಸೊನ್ನಿ. ಸರ್ ಅಪ್ಪಗ ಫೋನ್ ಹಚ್ಚಿ, "ನಿಮ್ಮ ಹುಡುಗಿ ನಾಕ ಪುಟ ಬರೀತಾಳ್ರಿ, ನಾಕ ಸಾಲು ಉತ್ತರಾ ಬರ್ಯಾಕ ಮಾತ್ರ ಬರಂಗಿಲ್ಲ" ಅಂದ್ರಂತ. ಇದು ಮೊದಲ್ನೇ ದೂರು.

ಮರದಿನ ಕಾಲೇಜಿಗೆ ಹೋದ್ರ ಎಲ್ಲಾರೂ ನನ್ನ ಮುಖಾ ನೋಡಿ ಬಾಯಿ ಮುಚ್ಚಕೊಂಡು ನಗಾಕತ್ತಿದ್ರು. ಒಬ್ಬಾಕಿ ಹಂತ್ಯಾಕ ಬಂದು, "ಮೂರನೇ ಪುಟ ಅಂತೂ ಭಾಳ ಛಲೋ ಬರದೀ ಬಿಡು" ಅಂದ್ಲು. ಸರ್ ನನ್ನ ಪತ್ರದ ಫೋಟೋ ತಗದು ಗ್ರೂಪಿಗೆ ಹಾಕಿದ್ರಂತ. ಇಡೀ ಕ್ಲಾಸು ಅದನ್ನ ಓದಿ, ಅದರ ಮ್ಯಾಲ ಮಂದಿ ಬರದದ್ದನ್ನೂ ಓದಿತ್ತು. ಓದಲಾರದಾಕಿ ನಾ ಒಬ್ಬಾಕೀನ.

೨. ಒಂದ ಟಿಕ್ಕು

ಗಲಗಲಿಯೊಳಗ ಅವ್ವನ ತಮ್ಮ ಇರತಾನ, ನನ್ನ ಸೋದರಮಾವ. ಒಂದಿನ ಮುಂಜಾನೆ ಬಾಗಲಾ ಬಡದು ಒಳಗ ಬಂದಾವ, ಚಪ್ಪಲ್ ಬಿಡೂಕಿಂತ ಮೊದಲ ಸಿಟ್ಟಿಲೆ ಬಾಯಿ ಬಿಟ್ಟ.

"ನಿನಗ ತವರುಮನಿ ಬ್ಯಾಡಾಗಿದ್ರ ಸೀದಾ ಹೇಳಿಬಿಡಬೇ ಯಕ್ಕಾ."

ಅವ್ವ ಕಂಡಿಕಿ ಕೆಳಗ ಇಟ್ಟು, "ಏನಾತೋ?" ಅಂದ್ಲು.

"ಏನಾತು? ನನ್ನ ಬಸರಿ ಹೇಣತೀ ಕುಬಸಾ ಆತು! ನಾದಿನಿ ಬರಲಾರದ ಕುಬಸಾ ಮಾಡಿದ್ವಿ ಅಂತ ಊರ ಮಂದಿ ಆಡಿಕೊಂಡ್ರು."

ಅವ್ವ ಅಲ್ಲೇ ನೆಲಕ್ಕ ಕುಂತ್ಲು. "ನಮಗ ಯಾರ ಹೇಳಿದ್ರೋ ಮಾರಾಯಾ?"

"ಕಾರ್ಡ್ ಕಳಿಸೇನಿ! ಈಕೀ ನಂಬರಿಗೆ!" ಅಂತ ನನ್ನ ಕಡೆ ಬಳ್ಳು ತೋರಿಸಿದ.

ಆಗಿದ್ದು ಇಷ್ಟ. ನಾ ಫೋನ್ ಅಳಸೂಕಿಂತ ಮೊದಲು ಅಪ್ಪ ಗ್ರೂಪಿನ ಆ ಆ್ಯಪಿನ್ಯಾಗ ನನ್ನ ನಂಬರ್ ಹಾಕಿಸಿದ್ದ. ಆ್ಯಪ್ ಹ್ವಾದ್ರೂ ನಂಬರ್ ಅಲ್ಲೇ ಉಳದಿತ್ತು, ಹೋದಾವರ ಹೆಸರಿನ ರೇಶನ್ ಕಾರ್ಡ್ ಉಳದಂಗ. ಮಾವ ಕಳಿಸಿದ್ದು ಹೊಂಟಿದ್ದು ಖರೆ, ಎಲ್ಲಿಗೂ ಮುಟ್ಟಿರಲಿಲ್ಲ.

"ನೋಡ್ರಿ, ಒಂದ ಟಿಕ್ ಬಿದ್ದೈತಿ" ಅಂತ ಎಲ್ಲಾರಿಗೂ ತೋರಿಸಿದ.

"ಒಂದ ಟಿಕ್ ಅಂದ್ರ ಮುಟ್ಟಿಲ್ಲಂತ ಅರ್ಥ ಮಾವಾ" ಅಂದ್ನಿ, ಭಾಳ ಸಣ್ಣ ದನ್ಯಾಗ.

"ನೀ ಓದಾಕಿ, ನಿನಗ ಅರ್ಥ ತಿಳೀತೈತಿ. ನನಗ ಟಿಕ್ ಅಷ್ಟ ಕಾಣತೈತಿ."

"ಒಂದ ಫೋನರ ಹಚ್ಚಬಾರದೇನೋ?" ಅಂದ್ಲು ಅವ್ವ, ಕಣ್ಣ ಒರಸಿಕೋತ.

"ಕಾರ್ಡ್ ಕಳಿಸಿದ ಮ್ಯಾಲ ಮತ್ತ ಫೋನ್ ಹಚ್ಚಿದ್ರ ಕಾರ್ಡಿನ ಮರ್ಯಾದಿ ಏನ ಉಳೀತು?"

ಅವ್ವ ಎರಡ ದಿನ ನನ್ನ ಜೋಡಿ ಮಾತಾಡಲಿಲ್ಲ. ಅಪ್ಪ ಎರಡ ಬಳ್ಳು ಎತ್ತಿ ತೋರಿಸಿದ. ಮಾವಗ ನಾ ಹತ್ತ ಸಲ ಹೇಳಿದ್ನಿ, ಆ ನಂಬರಿಗೆ ಆ ಆ್ಯಪಿನ್ಯಾಗ ಕಳಸಬ್ಯಾಡ, ಸಾದಾ ಮೆಸೇಜ್ ಹಾಕು ಅಂತ. "ಮುಟ್ಟಲಿ ಬಿಡಲಿ, ಕಳಸೂದು ನನ್ನ ಧರ್ಮ" ಅಂದ. ಎರಡ ತಿಂಗಳದಾಗ ಕೂಸು ಹುಟ್ಟಿದ್ದನ್ನೂ ಅದಕ್ಕ ಕಳಿಸ್ಯಾನ. ನಮಗ ಆ ಸುದ್ದಿ ಹೇಳಿದಾವ ಗಲಗಲಿ ಬಸ್ಸಿನ ಕಂಡಕ್ಟರ್.

೩. ಆ ದಾರಿ

ಅಕ್ಕನ್ನ ನೋಡಾಕ ಮುಧೋಳ ಕಡಿಯಿಂದ ವರನ ಮನಿಯಾವರು ಬರಾವರಿದ್ರು. ಡ್ರೈವರಗ ನಮ್ಮ ಮನೀ ದಾರಿ ಗೊತ್ತಿರಲಿಲ್ಲ. ಅಪ್ಪ ನನ್ನ ಕರದ. "ನಿನ್ನ ಫೋನಿನ್ಯಾಗ ನಕಾಶಿ ಐತಿ ಅಂತಿದ್ದೆಲ್ಲ? ದಾರಿ ಹೇಳು. ನಿನ್ನ ಫೋನ್ ಒಮ್ಮೆರ ಮನಿಗೆ ಉಪಯೋಗಾಗಲಿ."

ಆ ನಕಾಶಿ ಬಗ್ಗೆ ಒಂದೀಟು ಹೇಳಬೇಕು. ಅದು ಮಂದಿ ತಾವ ಬರದು ಕೂಡಿಸಿದ ನಕಾಶಿ. ಯಾರ ಬೇಕಾದ್ರೂ ತಮ್ಮೂರು ಬರೀಬೌದು. ಬನಹಟ್ಟಿ ಅದರಾಗ ಒಂದ ಚುಕ್ಕಿ, ಎರಡ ಗೆರಿ ಇತ್ತು. ಸೂಟಿಯೊಳಗ ನಾ ಓಣಿ ಓಣಿ ತಿರಗಿ, ಒಂದೊಂದು ದಾರಿನೂ ಬರದಿದ್ನಿ. ಹಳೇ ಫೋನು, ಆಕಾಶದಾಗಿನ ಉಪಗ್ರಹದ ಸಂಪರ್ಕ ಹತ್ತಾಕ ಹತ್ತ ಮಿನಿಟು ಬೇಕು. ಅಲ್ಲೀ ತನಕ ಓಣಿ ಕೂಡೂ ಜಾಗಾದಾಗ ಫೋನ್ ಹಿಡದ ಕೈ ಮ್ಯಾಲ ಎತ್ತಿ ನಿಂದರತಿದ್ನಿ. ಒಬ್ಬಾಕಿ ಆಯಿ ಹುಡುಗಿಗೆ ಗಾಳಿ ಬಡದೈತಿ ಅಂತ ನಿಂಬಿಹಣ್ಣು ನಿವಾಳಿಸಿ ಒಗದಿದ್ಲು.

ಅಷ್ಟ ಕಷ್ಟಾ ಪಟ್ಟು ಬರದ ನಕಾಶಿ ನೋಡಿ, ಡ್ರೈವರಗ ಒಂಬತ್ತು ಸಾಲಿನ ಮೆಸೇಜ್ ಬರದ್ನಿ. 'ಬೈಪಾಸಿನ್ಯಾಗ ದೊಡ್ಡ ಹುಣಸೀ ಗಿಡದ ಹಂತ್ಯಾಕ ಎಡಕ್ಕ ಹೊಳ್ಳರಿ. ದಾರಿ ಸಣ್ಣದೈತಿ, ಸೀದಾ ಬರ್ರಿ, ಏಳು ಮಿನಿಟು ಉಳೀತೈತಿ.'

ಆ ದಾರಿಗೆ ಹೆಸರಿಲ್ಲ. ಎಲ್ಲಾರೂ 'ಆ ದಾರಿ' ಅಂತಾರ ಅಷ್ಟ. ಛಲೋ ಕೆಲಸಕ್ಕ ಹೊಂಟಾವರು ಅರ್ಧಾ ಮೈಲಿ ಸುತ್ತ ಹಾಕಿ ಹೋಗ್ತಾರ, ಹೊಸಾ ಸೈಕಲ್ ಸಹಿತ ಅದರಾಗ ಹೊಡ್ಯಂಗಿಲ್ಲ. ಅದು ಸುಡಗಾಡಕ್ಕ ಹೋಗೂ ದಾರಿ ಅಂತ ನನಗೂ ಗೊತ್ತಿತ್ತು. ಆದ್ರ ಹೊಳ್ಳಿ ಬಂದ್ರ ಅದು ನಮ್ಮ ಮನಿಗೆ ಬರೂ ದಾರಿನೂ ಹೌದಲ್ಲ? ನಕಾಶಿಗೆ ಶಕುನ ತಿಳಿಯಂಗಿಲ್ಲ. ಓದಾಕಿ ನಾನೂ ನಕಾಶಿ ಆಗಿದ್ನಿ ಅವತ್ತು.

ವರನ ಮನಿಯಾವರ ಕ್ರೂಸರ್ ಸುಡಗಾಡ ದಾಟಿ ಆ ದಾರ್ಯಾಗ ಅರ್ಧಕ್ಕ ಬಂದಿತ್ತು. ಎದುರಿಗೆ ಹಲಗಿ ಬಾರಿಸಿಕೋತ, ಚುರಮರಿ ಚೆಲ್ಲಕೋತ, ಮ್ಯಾಲಿನ ಓಣಿ ಅಜ್ಜನ ಹೆಣಾ ಬಂತು. ಎರಡೂ ಕಡೆ ಗ್ವಾಡಿ. ಒಂದ ಗಾಡಿ ಹಿಡಿಯೂವಷ್ಟ ಅಗಲ. ಡ್ರೈವರ್ ಹಾರ್ನ್ ಹೊಡದ.

ಮುಂದಿದ್ದ ಹಿರಿಯಾ ಬಂದು ಹೇಳಿದ, "ತಮ್ಮಾ, ಎತ್ತಿದ ಹೆಣಾ ಹಿಂದಕ್ಕ ಹೋಗಂಗಿಲ್ಲ. ನೀನ ಹಿಂದಕ್ಕ ಹೋಗು."

ಕ್ರೂಸರ್ ರಿವರ್ಸ್ ಹೊಂಟಿತು. ಹಲಗಿಯಾವರು ಬೋನೆಟ್ಟಿಗೆ ಅಂಟಿಕೊಂಡು ಬಾರಿಸಿಕೋತ ಬಂದ್ರು. ಚುರಮರಿ ಎಲ್ಲಾ ಮುಂದಿನ ಗಾಜಿನ ಮ್ಯಾಲ. ಒಳಗ ಹೊಸಾ ಅಂಗಿ ಹಾಕ್ಕೊಂಡ ವರ, ತೊಡೀ ಮ್ಯಾಲ ಹಣ್ಣಿನ ಬುಟ್ಟಿ, ಅದರ ಮ್ಯಾಲ ಅಕ್ಕನ ತುರುಬಿಗಂತ ತಂದ ಮಲ್ಲಿಗಿ ದಂಡಿ. ಸುಡಗಾಡದ ಗೇಟಿನ ಮುಂದ ಗಾಡಿ ನಿಂತಾಗ, ಅದಽ ಹಿರಿಯಾ ಕಿಡಕಿಯೊಳಗ ಹಣಿಕಿ ಹಾಕಿ, "ಪರಊರಿನ ಬೀಗರೇನ್ರಿ? ಹೂ ತಂದೀರಿ, ಪುಣ್ಯ ಬರಲಿ" ಅಂತ ದಂಡಿ ಎತ್ತಿಕೊಂಡು ಹ್ವಾದ. ಅಕ್ಕನ ಮಲ್ಲಿಗಿ ಅಜ್ಜನ ಕೊಳ್ಳಾಗ ಬಿತ್ತು.

ಹೆಣಾ ಎದುರಿಗೆ ಬಂದ್ರ ಶುಭ ಶಕುನ ಅಂತಾರ. ಹೆಣದ ಮುಂದ ಮುಂದ ಹೋಗಿ ಸುಡಗಾಡ ಮುಟ್ಟಿಸಿ ಬಂದ್ರ ಏನು ಅಂತ ಊರಾಗ ಯಾರಿಗೂ ಗೊತ್ತಿರಲಿಲ್ಲ.

ಮನ್ಯಾಗ ನಾವು ಉಪ್ಪಿಟ್ಟು ಮುಚ್ಚಿಟ್ಟು ಕಾಯಾಕತ್ತಿದ್ವಿ. ಅಪ್ಪನ ಫೋನ್ ರಿಂಗಾತು. ವರನ ಅಪ್ಪ. ಎಲ್ಲಾ ಹೇಳಿ, "ಸುಡಗಾಡ ಮುಟ್ಟೇವ್ರಿ, ಜಳಕಾ ಮಾಡಲಾರದ ನಿಮ್ಮ ಹೊಸ್ತಿಲಾ ತುಳ್ಯಾಕ ಬರಂಗಿಲ್ಲ. ಮನಿಗೆ ಹೋಗಿ ಜಳಕಾ ಮಾಡಿ ಬರ್ತೇವಿ" ಅಂದ್ರು.

ಎಂಟ ತಿಂಗಳಾತು. ಇನ್ನೂ ಮೈ ಒರಸಿಕೊಂಡಿಲ್ಲ.

೪. ಹಸರ ಬುಟ್ಟಿ

ಮೂರನೇ ದೂರು ಬ್ಯಾರೆ ಯಾರೂ ಹೇಳಲಿಲ್ಲ, ಅಪ್ಪ ತನಗ ತಾನ ಹೇಳಿಕೊಂಡ. ಮರದಿನ ನಾ ಕಾಲೇಜಿಗೆ ಹೋಗೂ ಮುಂದ ಫೋನ್ ಇಸಗೊಂಡು ಗ್ವಾಡೀ ಮಾಡದಾಗ ಇಟ್ಟ. ನಾ ಅಳಲಿಲ್ಲ. ಪರೀಕ್ಷಾ ಮುಗಿದ ಮ್ಯಾಲ ಕೇಳಿದ್ರ ಕೊಟ್ಟಾನು ಅಂತ ಒಂದ ಆಸೆ ಇತ್ತು.

ಮನಿಗೆ ಹೊಳ್ಳಿ ಬರೂದ್ರಾಗ ಮಾಡ ಖಾಲಿ. ಅವ್ವನ ಮುಂದ ಹೊಸಾ ಹಸರ ಪ್ಲಾಸ್ಟಿಕ್ ಬುಟ್ಟಿ, ಅದರ ತುಂಬ ಕಂಡಿಕಿ.

"ಹಳೇ ಮೊಬೈಲ್ ಕೊಟ್ಟು ಬುಟ್ಟಿ ತಗೋರೀ ಅಂತ ಒದರಕೋತ ಒಬ್ಬಾವ ಬಂದಿದ್ದ" ಅಂದ್ಲು ಅವ್ವ. "ಹೆಂಗೂ ಮನ್ಯಾಗ ಇರಬಾರದು ಅಂದಿದ್ನಲ್ಲ ನಿಮ್ಮಪ್ಪ."

ನಾ ಖಾಲಿ ಮಾಡದಾಗ ಮತ್ತೊಮ್ಮೆ ಕೈಯಾಡಿಸಿದ್ನಿ.

"ಎರಡ ಬುಟ್ಟಿ ಕೇಳಿದ್ನಿ" ಅಂದ್ಲು. "ಅಂವಾ ಚಾಲೂ ಮಾಡಿ ಹಿಂದ ಮುಂದ ನೋಡಿದ. 'ಇದರಾಗ ಏನೂ ಇಲ್ಲಬೇ ಯವ್ವಾ, ಖಾಲಿ ಐತಿ' ಅಂದ. ಅದಕ್ಕ ಒಂದ ಕೊಟ್ಟ."

೫. ಗಾಲಿ ಇದ್ದ ಮನಿ

ಅಪ್ಪ ಹೊಸಾ ಫೋನ್ ತಗೊಂಡ. ಈ ಸಲ ತನಗಽ. ಎಲ್ಲಾರ ಕಡೆ ಇರೂವಂಥಾದ್ದು, ಕಂಪನಿ ಏನೇನು ತುಂಬೈತೋ ಅಷ್ಟೂ ಇದ್ದದ್ದು. ಒಂದ ವಾರದಾಗ ಮಾವನ ಕೂಸಿನ ಫೋಟೋ ನಲವತ್ತು ಬಂದ್ವು. ಅವ್ವ ನನ್ನ ಕಡೆ ನೋಡಿ, "ಫೋನ್ ಅಂದ್ರ ಇದು" ಅಂದ್ಲು.

ಮುಂದ ಅಕ್ಕಗ ಇನ್ನೊಂದು ಸಂಬಂಧ ಬಂತು. ವರ ಬಾಡಗಂಡಿ ಕಡೆ ಸಕ್ಕರಿ ಫ್ಯಾಕ್ಟರಿಯೊಳಗ ಕ್ಲಾರ್ಕು. ಮುಂಜಾನೆ ಅವರು ಹೊಂಡೂಕಿಂತ ಮೊದಲು ಫೋನ್ ಮಾಡಿ, "ಮನೀ ಲೊಕೇಶನ್ ಕಳಸರಿ" ಅಂದ್ರು. ಅಪ್ಪ ಚಾಳೀಸು ಹಾಕ್ಕೊಂಡು ಕುಂತ. ನಾ ಹಿಂದ ನಿಂತು ನೋಡಾಕತ್ತಿದ್ನಿ. ಅದರಾಗ ಎರಡ ಇರತಾವ. ಒಂದು, ಕುಂತ ಜಾಗಾ ತೋರಸೂದು. ಇನ್ನೊಂದು, ಫೋನ್ ಎಲ್ಲಿ ಹೋಗತೈತೋ ಅಲ್ಲೆಲ್ಲಾ ಬೆನ್ನ ಹತ್ತಿ ತೋರಸೂದು. ಅಪ್ಪನ ಬಳ್ಳು ಎರಡನೇದ್ದರ ಮ್ಯಾಲ ಬಿತ್ತು.

"ಯಪ್ಪಾ, ಅದಲ್ಲ..."

"ನೀ ದಾರಿ ತೋರಿಸಿದ್ದು ಸಾಕಾಗೇತಿ. ಬಾಯಿ ಮುಚ್ಚಕೊಂಡು ಓದ್ಕೋ ಹೋಗು."

ಹೋದ್ನಿ. ಓದೂದು ನನಗ ಬರತೈತಿ.

ಅಪ್ಪ, "ಮಹಾಲಿಂಗಪುರದಿಂದ ಪೇಢೆ ತರ್ತೇನಿ, ಅವರು ಬರೂದ್ರಾಗ ಬಂದಬಿಡ್ತೇನಿ" ಅಂತ ಗಾಡಿ ಹತ್ತಿ ಹ್ವಾದ.

ಮುಂದಿಂದು ವರ ಅಕ್ಕಗ ಹೇಳಿದ್ದು, ಅಕ್ಕ ನನಗ ಹೇಳಿದ್ದು. ಅದಕ್ಕೂ ಮೊದಲ ಒಂದ ಮಾತು ತಿಳ್ಕೋರಿ: ನಮ್ಮ ಮನ್ಯಾಗ ತತ್ತಿ ಅನ್ನೂ ಶಬ್ದಾನೂ ಒಳಗ ಬರಂಗಿಲ್ಲ. ಹುಟ್ಟಿದ ದಿನಕ್ಕ ಕೇಕ್ ತಂದ್ರ ಅವ್ವ ಮೊದಲು ಮೂಸಿ ನೋಡತಾಳ. ವರನ ಮನಿಯಾವರು ನಮಗಿಂತ ಕಟ್ಟಾ.

ಅವರ ಗಾಡಿ ಮುಧೋಳ ದಾಟಿ ಬರಾಕತ್ತಿತ್ತು. ಫೋನಿನ್ಯಾಗ ನಮ್ಮ ಮನಿ ಬನಹಟ್ಟಿ ಬಿಟ್ಟು ಮಹಾಲಿಂಗಪುರಕ್ಕ ಹೊಂಟಿತ್ತು. ನೆಟ್‌ವರ್ಕಿನ ತ್ರಾಸ ಇರಬೇಕು ಅಂದ ಡ್ರೈವರ್. ಮನಿ ಒಂದು ಮಗ್ಗದ ಸಾಮಾನಿನ ಅಂಗಡಿ ಮುಂದ ಐದ ಮಿನಿಟು ನಿಂತಿತು. ಪೇಢೆ ಅಂಗಡಿ ಮುಂದ ಮತ್ತ ಐದ ಮಿನಿಟು. ಆಮ್ಯಾಲ ಬಸ್‌ಸ್ಟ್ಯಾಂಡಿನ ಹಿಂದಿನ ಸಂದಿಯೊಳಗ ಹೊಕ್ಕು, ಗಟ್ಟಿಯಾಗಿ ಅಲ್ಲೇ ಕುಂತಿತು.

"ಇದಽ ಮನಿ" ಅಂತ ಗಾಡಿ ಒಳಗ ಹೊಡದ್ರು.

ಮೊದಲು ಇಳದಾವರು ವರನ ದೊಡ್ಡಪ್ಪ. ಹಣಿ ತುಂಬ ವಿಭೂತಿ, ಬಿಳೇ ರುಮಾಲು. ಕೈಯಾಗಿನ ಫೋನ್ ನೋಡಿದ್ರು, ಎದುರಿಗೆ ನೋಡಿದ್ರು. ಎದುರಿಗೆ ಎಗ್‌ರೈಸಿನ ಗಾಡಾ.

"ತಮ್ಮಾ, ಮನಿಗೆ ಗಾಲಿ ಅದಾವಲ್ಲೋ" ಅಂದ್ರು ಡ್ರೈವರಗ.

ಆ ಗಾಲಿ ಹಂತ್ಯಾಕ, ಸ್ಟೂಲಿನ ಮ್ಯಾಲ, ಒಂದ ಕೈಯಾಗ ಪೇಢೆ ಡಬ್ಬಿ, ಒಂದ ಕೈಯಾಗ ಆಮ್ಲೆಟ್ ಹಿಡಕೊಂಡು ನಮ್ಮ ಅಪ್ಪ ಕುಂತಿದ್ದ. ಬಾಯಾಗಿನ ತುತ್ತು ನುಂಗಾಕೂ ಇಲ್ಲ, ಉಗಳಾಕೂ ಇಲ್ಲ. ಗಾಡಿಯೊಳಗಿನ ಆರೂ ಮಂದಿ ಇಳದು, ಫೋನಿನ್ಯಾಗಿನ ಚುಕ್ಕಿ ಇಂವನ ಅಂತ ತಿಳದು ಸುತ್ತ ನಿಂತ್ರು. ಎಣ್ಣಿ ಅಷ್ಟ ಚರ್ ಅಂತಿತ್ತು.

ದೊಡ್ಡಪ್ಪ ಒಮ್ಮೆ ಹಿಂದ ನೋಡಿದ್ರು, ಒಮ್ಮೆ ಮುಂದ ನೋಡಿದ್ರು. ಗುರ್ತಿನಾವರು ಯಾರೂ ಇಲ್ಲಂತ ಖಾತ್ರಿ ಮಾಡ್ಕೊಂಡು, ರುಮಾಲು ತಗದು ಬಗಲಾಗ ಇಟ್ಕೊಂಡು ಗಾಡಾದಾವಗ ಹೇಳಿದ್ರು, "ನಮಗೂ ಆರು ಹಾಕು. ಉಳ್ಳಾಗಡ್ಡಿ ಜಾಸ್ತಿ ಇರ್ಲಿ."

ಅವರು ಮನಿಗೆ ಬರೂದ್ರಾಗ ಎರಡ ತಾಸು ತಡಾ. ಅಪ್ಪ ಮುಂದ, ಬೀಗರ ಗಾಡಿ ಹಿಂದ. ಅವ್ವ ಉಪ್ಪಿಟ್ಟಿನ ತಾಟು ಹಿಡಿದ್ರ ದೊಡ್ಡಪ್ಪ ಹೊಟ್ಟಿ ಮ್ಯಾಲ ಕೈ ಆಡಿಸಿ, "ಬ್ಯಾಡವಾ ತಂಗಿ, ದಾರ್ಯಾಗ ಪ್ರಸಾದ ಆತು" ಅಂದ್ರು. ಅವ್ವ ಕೈ ಮುಗದು, "ಯಾವ ಗುಡಿಯೊಳಗ್ರಿ?" ಅಂದ್ಲು. ಅಪ್ಪಗ ಕೆಮ್ಮು ಹತ್ತಿತು.

ಸಂಬಂಧ ಅವತ್ತ ಗಟ್ಟಿ ಆತು. ಒಬ್ಬರ ಗುಟ್ಟು ಒಬ್ಬರ ಕೈಯಾಗ ಇದ್ರ ಬೀಗತನ ಭಾಳ ಗಟ್ಟಿ ಇರತೈತಿ, ಇದು ನಾ ಯಾವ ಪುಸ್ತಕದಾಗೂ ಓದಿರಲಿಲ್ಲ. ಓಣ್ಯಾಗಿನ ಮಂದಿ ಕೇಳಿದ್ರ ಅಪ್ಪ ಎದಿ ಉಬ್ಬಿಸಿ ಹೇಳತಿದ್ದ, "ಎಲ್ಲಾ ಈ ಹೊಸಾ ಫೋನಿನಿಂದ ಆತ್ರಿ. ಹಳೇದಿದ್ದಿದ್ರ ಇದೂ ಸುಡಗಾಡಕ್ಕ ಹೋಗತಿತ್ತು." ನಾ ಒಳಗ ಕುಂತು ಕೇಳಕೋತ ಇದ್ನಿ. ತಪ್ಪು ನನ್ನ ಹಳೇ ಫೋನಿಂದು, ಪುಣ್ಯ ಅಪ್ಪನ ಹೊಸಾ ಫೋನಿಂದು. ನನ್ನ ಮುನ್ನೂರು ಪುಸ್ತಕಾ ಯಾರಿಗೂ ನೆಪ್ಪಿರಲಿಲ್ಲ.

ನಾಕ ದಿನ ಬಿಟ್ಟು ಅಪ್ಪ ನನ್ನ ಶೆಡ್ಡಿಗೆ ಕರದ. ನಾಕೂ ಮಗ್ಗ ಬಂದ್ ಮಾಡಿದ. ಅವ್ವ ಹೊರಗ ಅದಾಳೇನು ಅಂತ ಹಣಿಕಿ ಹಾಕಿದ. ಹಸರ ಬುಟ್ಟಿ ನಮ್ಮಿಬ್ಬರ ನಡುವ ಇತ್ತು. ಫೋನನ್ನ ಚೇಳು ಹಿಡದಂಗ ಎರಡ ಬಳ್ಳಿನ್ಯಾಗ ಹಿಡದು ನನ್ನ ಮುಂದ ಚಾಚಿದ.

"ಯವ್ವಾ, ಇದರಾಗ ಅದನ್ನ ಹೆಂಗ ಬಂದ್ ಮಾಡೂದು?"

"ಯಾವುದನ್ನ?"

"ಅದಽ... ನಾ ಎಲ್ಲೆಲ್ಲಿ ಹೋಗ್ತೇನಿ ಅಂತ ನೋಡತೈತಲ್ಲ, ಅದನ್ನ."

ಹದಿನೇಳು ವರ್ಷದಾಗ ಮೊದಲ್ನೇ ಸಲ ನನ್ನ ಗಂಟಲಾ ಒಣಗಲಿಲ್ಲ.

"ನೀ ಎಲ್ಲಿ ಹೋಗ್ತಿ ಅಂತ ಯಾರಿಗೆ ಬೇಕಾಗೇತಿ ಯಪ್ಪಾ?" ಅಂದ್ನಿ.